ಹಳದಿ ದಾರದ ಸರದಿ

ಚೈತ್ರಶ್ರೀ ಆ ಭಾನುವಾರದ ಡೈರಿಯಲ್ಲಿ ಒಂದೇ ಸಾಲು ಬರೆದು ಪೆನ್ನು ಮುಚ್ಚಿದ್ದಳು: ‘ಹಲ್ಲಿಗೆ ಸಿಕ್ಕಿದ್ದು ಜೀರಿಗೆಯಲ್ಲ.’

ಬರೆದು ವಾರವಾಗುತ್ತ ಬಂದರೂ ಅವಳ ನಾಲಿಗೆ ಆ ಹಲ್ಲಿನ ಸಂದಿಯನ್ನು ಬಿಟ್ಟಿರಲಿಲ್ಲ. ಬೇಡವೆಂದರೂ ಅಲ್ಲಿಗೇ ಹೋಗಿ ತಡಕುತ್ತಿತ್ತು. ಸೊರಬದ ಗೌರೀಶಂಕರ ಅವರ ಮನೆಯ ಊಟ ಅದು. ಅವರ ಹೆಂಡತಿ ಮೂಕಾಂಬಿಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಸುತ್ತಲ ಪೇಟೆಗಳಿಗೆಲ್ಲ ಮಾರುವವರು. “ನಿಮಗೆ ಅಂತಲೇ ಬಾಗಿಲ ಪಕ್ಕದ ಹೊಸ ಜಾಡಿ ತೆಗೆದಿದ್ದೇನೆ” ಎನ್ನುತ್ತ ತಾವೇ ಬಡಿಸಿದ್ದರು. ಎಳೆ ಮಾವಿನ ಆ ಘಮ, ಹದವಾದ ಹುಳಿ, ನಾಲಿಗೆಯ ತುದಿಗೆ ಚುರುಕು. ಚೈತ್ರಶ್ರೀ ನಾಚಿಕೆ ಬಿಟ್ಟು ಎರಡನೆಯ ಸಲ ಹಾಕಿಸಿಕೊಂಡಳು. ಆಗ ಸಿಕ್ಕಿತು ಅದು. ಬೆರಳ ತುದಿಗೆ ತೆಗೆದು ನೋಡಿದರೆ ಸಣ್ಣಗೆ, ಉದ್ದಕ್ಕೆ, ಎರಡೂ ತುದಿ ಚೂಪಾಗಿದ್ದ ಕಪ್ಪು ಕಾಳು. ಇಲಿ ಹಿಕ್ಕೆ. ಅರ್ಧ ಹಲ್ಲಿನಲ್ಲಿ, ಅರ್ಧ ಬೆರಳಿನಲ್ಲಿ.

ಅವಳು ಮಾಡಿದ್ದೇನು? ಎಲೆಯ ಅಂಚು ಮಡಿಸಿ ಅದರಡಿ ತಳ್ಳಿದಳು. ಮೂಕಾಂಬಿಕಮ್ಮ “ಹೇಗಿತ್ತೇ?” ಎಂದಾಗ “ತುಂಬಾ ಚೆನ್ನಾಗಿತ್ತಮ್ಮ” ಎಂದಳು. ಬಿ.ಎ. ಓದಿದವಳು, ನಾಲ್ಕು ಜನರೆದುರು ನಾಲ್ಕು ಮಾತು ಆಡಲಾರದವಳು. ಬಾಯಿ ತೊಳೆದರೂ ಹೋಗದೆ ಉಳಿದದ್ದು ಹಿಕ್ಕೆಯೋ ಆ ‘ಚೆನ್ನಾಗಿತ್ತು’ ಎಂಬ ಮಾತೋ ಅವಳಿಗೇ ತಿಳಿಯುತ್ತಿರಲಿಲ್ಲ.

ಜೊತೆಗಿದ್ದ ಸೋದರಮಾವ ಪಂಚಾಕ್ಷರಪ್ಪನವರಿಗೂ ಅವಳು ಹೇಳಲಿಲ್ಲ. ಹೇಳಿದರೆ ಅವರು ಹತ್ತು ದಿನ ಉಣ್ಣುತ್ತಿರಲಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದ ಅವರ ಬುದ್ಧಿ ಎಷ್ಟು ಗಟ್ಟಿಯೋ ಹೊಟ್ಟೆ ಅಷ್ಟು ನಾಜೂಕು. ಯಾರ ಮನೆಗೆ ಹೋದರೂ ವ್ರತವೆಂದು ಬಾಳೆಹಣ್ಣು ಸುಲಿದುಕೊಂಡು ಕೂರುವರು. ಊರಿನಲ್ಲಿ ಒಡವೆ ಕಳೆದರೆ, ಎಮ್ಮೆ ಕಾಣೆಯಾದರೆ ಜನ ಅವರ ಮನೆಯ ಕದ ತಟ್ಟುತ್ತಿದ್ದರು. ಗೌರೀಶಂಕರ ಅವರು ಬಸ್ಸಿನಲ್ಲಿ ಕಳೆದುಕೊಂಡ ಚೀಲವನ್ನು ಹುಡುಕಿಕೊಟ್ಟಿದ್ದಕ್ಕೇ ಆ ಊಟ. ಅವರು ಬಿಡಿಸಿದ ಕಗ್ಗಂಟುಗಳನ್ನು ಬರೆದಿಡುವುದು ಚೈತ್ರಶ್ರೀಯ ಪಾಲಿನ ಕೆಲಸ.

ಅದು ೧೯೯೬ರ ಬೇಸಿಗೆ. ಶುಕ್ರವಾರ ಮಧ್ಯಾಹ್ನ ಮಾವ ರೊಟ್ಟಿ ಮುರಿಯುತ್ತಿದ್ದಾಗ ಹೊಸಿಲಾಚೆ ಒಬ್ಬ ಹೆಂಗಸು ಬಂದು ನಿಂತಳು.

“ಸಾಹೇಬ್ರೆ, ಉಪ್ಪಿನಕಾಯಾಗೆ ಇಲಿ ಹಾಕಿದ್ದು ನಾನಲ್ರೀ.”

ಪಂಚಾಕ್ಷರಪ್ಪ ತಟ್ಟೆಯನ್ನು ದೂರ ತಳ್ಳಿದರು. “ಉಣ್ಣೋ ಹೊತ್ನಾಗೆ ಎಂಥಾ ಮಾತು ತಂದೆವ್ವಾ! ಚೈತ್ರಾ, ಇದನ್ನ ಒಳಗಿಡು, ಇನ್ನು ನನಗೆ ಸೇರಲ್ಲ. ಆಕಿಗೆ ನೀರು ಕೊಡು.”

ಹೆಂಗಸು ತಣ್ಣೀರು ಕುಡಿಯಲಿಲ್ಲ. ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಕುಳಿತಳು. ಬಲಗೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಸಿಪ್ಪೆ ಎದ್ದು ಕೆಂಪಗಿತ್ತು. ಚೈತ್ರಶ್ರೀ ಕಣ್ಣು ಬೇರೆಡೆ ಹೊರಳಿಸಿದಳು, ಹೊರಳಿಸಿದ್ದಕ್ಕೆ ತನ್ನ ಮೇಲೆ ತಾನೇ ಅಸಹ್ಯಪಟ್ಟಳು.

ಹೆಸರು ನೀಲಾಂಬಿಕ. ಗಂಡ ಸತ್ತವಳು. ಮಿಡಿಯ ಕಾಲದಲ್ಲಿ ಮೂಕಾಂಬಿಕಮ್ಮನ ಉಪ್ಪಿನಕಾಯಿ ಕೊಟ್ಟಿಗೆಯಲ್ಲಿ ದುಡಿಮೆ, ಮದುವೆಯ ಕಾಲದಲ್ಲಿ ಅಡುಗೆಯವರ ಜೊತೆ ಕೈಗೆಲಸ. ಮೊನ್ನೆ ಮಂಗಳವಾರ ಆನವಟ್ಟಿಯ ವ್ಯಾಪಾರಿ ತೋಟಪ್ಪ ಗಿರಾಕಿಗೆ ತೂಗಲೆಂದು ಜಾಡಿಗೆ ಸೌಟು ಹಾಕಿದ. ಮೇಲೆ ಬಂದ ಮಿಡಿಯ ತೊಟ್ಟು ಉದ್ದವಿತ್ತು. ಗಿರಾಕಿ ಬೆರಳಲ್ಲಿ ಎತ್ತಿ ನೋಡಿದರೆ ಅದು ತೊಟ್ಟಲ್ಲ, ಬಾಲ. ಸಂತೆಗೆ ಸಂತೆಯೇ ನೆರೆಯಿತು.

“ಜಾಡಿ ಮ್ಯಾಲೆ ನನ್ನ ಹಳದಿ ದಾರ ಐತಂತ್ರಿ. ನಾನು ಜಗಳ ಆಡಿ ಕೆಲಸ ಬಿಟ್ಟಿದ್ದೆ. ಹೋಗೋವಾಗ ‘ಈ ಉಪ್ಪಿನಕಾಯಿ ನಾಯಿಗೂ ಹಾಕಬಾರದು’ ಅಂತ ಕೂಗಿದ್ದು ಖರೆ. ಅದಕ್ಕೇ ನಾನೇ ಹೊಟ್ಟೆಕಿಚ್ಚಿಗೆ ಹಾಕೀನಿ ಅಂತಾರೆ ಅಮ್ಮನೋರು. ಸೋಮವಾರ ತೋಟಪ್ಪಾರು ಬರ್ತಾರೆ. ಅವರೆದುರು ಒಪ್ಪಿ ಕಾಲು ಹಿಡಿಬೇಕಂತೆ, ಇಲ್ಲಂದ್ರೆ ಠಾಣೆಗಂತೆ. ಒಪ್ಪಿದ್ರೆ ಇಲಿ ಹಾಕಿದ ಕೈ ಅಂತ ಹೆಸರಾಗ್ತೈತ್ರೀ. ಯಾವ ಮದುವಿ ಮನ್ಯಾಗ ಈ ಕೈ ಒಳಗೆ ಬಿಟ್ಕೊಂತಾರೆ?”

“ಹಂಗ್ಯಾಕೆ ಕೂಗಿದೆ?” ಎಂದ ಮಾವ, ಅವಳು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. “ಬ್ಯಾಡ, ಹೇಳಬ್ಯಾಡ. ನೀ ಹೇಳಿದ್ರೆ ಅದು ನಿನ್ನ ಮಾತು ಆಗ್ತದೆ, ಆಕಿ ಹೇಳಿದ್ರೆ ಆಕಿ ಮಾತು. ಯಾರು ಮಾಡಿದ್ರು ಅನ್ನೋದು ಆಮೇಲೆ. ಯಾವುದಾದ ಮೇಲೆ ಯಾವುದಾಯ್ತು? ಅದು ಮೊದಲು. ಆ ದಾರದ ಸಂಗತಿ ಏನು, ಅದಿಷ್ಟು ಹೇಳು.”

ದಾರ ಆ ಕೊಟ್ಟಿಗೆಯ ಪದ್ಧತಿ. ಕೆಲಸದ ಹೆಂಗಸರಲ್ಲಿ ಓದು ಬರಹ ಬಲ್ಲವರು ಕಡಿಮೆ. ಹಾಗಾಗಿ ಯಾರು ತಮ್ಮ ಪಾಲಿನ ಕೆಲಸ ಮುಗಿಸುತ್ತಾರೋ ಅವರು ಜಾಡಿಯ ಕೊರಳಿಗೆ ತಮ್ಮ ಬಣ್ಣದ ದಾರ ಸುತ್ತಬೇಕು. ಉಪ್ಪಿನಲ್ಲಿ ಮಿಡಿ ಹಾಕಿದವಳದು ಕೆಂಪು. ಮಿಡಿ ಸುಕ್ಕಿ ನೀರು ಬಿಟ್ಟ ಮೇಲೆ ಮೊರಕ್ಕೆ ಸುರಿದು, ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಕೊಳೆತದ್ದು, ಕಸ ಕಡ್ಡಿ ಆಯ್ದು ತೆಗೆಯುವವಳದು ಹಳದಿ. ಅದು ನೀಲಾಂಬಿಕಳದು. ಖಾರ ಕಲೆಸುವ ಹಾಲಮ್ಮನದು ಹಸಿರು. ಜಾಡಿಯ ಬಾಯಿಗೆ ಬಟ್ಟೆ ಬಿಗಿದವಳದು ಬಿಳಿ. ಹಿಂದಿನವಳ ದಾರದ ತುದಿ ಮುಂದಿನವಳ ಸುತ್ತಿನ ಅಡಿಗೆ ಹೋಗಬೇಕು. ಕೆಳಗಿನದನ್ನು ಕತ್ತರಿಸದೆ ಸರದಿ ಬದಲಿಸಲು ಬರುವುದಿಲ್ಲ. ಪ್ರತಿಯೊಬ್ಬಳ ದಾರದ ರೀಲು ಅವಳ ಸೊಂಟದಲ್ಲೇ ಇರುತ್ತಿತ್ತು. ನೀಲಾಂಬಿಕ ಸೊಂಟಕ್ಕೆ ಸಿಕ್ಕಿಸಿದ್ದ ಸೀರೆಯ ಬಾಳೆಕಾಯಿ ಗಂಟಿನಿಂದ ತನ್ನದನ್ನು ತೆಗೆದು ತೋರಿಸಿದಳು. “ಕೆಲಸ ಬಿಟ್ಟ ದಿನಾನೇ ತಂದೆ. ನನ್ನ ದುಡ್ಡಿಂದ ಕೊಂಡಿದ್ದು.”

ಮಾವನ ಕಣ್ಣು ಹೊಳೆಯಿತು. “ಹೌದಾ! ಹಂಗಾದ್ರೆ ಆ ಜಾಡಿಗಳಿಗೆ ನಾಲಿಗೆ ಐತೆ.”

ಚೈತ್ರಶ್ರೀಯ ನಾಲಿಗೆ ಮತ್ತೆ ಹಲ್ಲಿನ ಸಂದಿಗೆ ಹೋಯಿತು.

ಶನಿವಾರ ಬೆಳಗಿನ ಬಸ್ಸಿಗೆ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋದರು. ಮೂಕಾಂಬಿಕಮ್ಮ ಬಾಗಿಲಲ್ಲೇ ತಂಬಿಗೆ ಕೊಟ್ಟು ಕಾಲು ತೊಳೆಸಿದರು. ಅಂಗಳ, ಜಗುಲಿ, ಬಾವಿಕಟ್ಟೆ ಎಲ್ಲವೂ ನೆಕ್ಕಿದಷ್ಟು ಚೊಕ್ಕ. ಮಾತನಾಡುತ್ತಲೇ ಅವರು ಮೂರು ನಾಲ್ಕು ಸಲ ಎದ್ದು ಕೈ ತೊಳೆದು ಬಂದರು. ಅಂಗೈ ನೀರಿನಲ್ಲಿ ನೆನೆದು ಸುಕ್ಕಾಗಿ, ಸೋಪಿನ ವಾಸನೆ ಹೊಡೆಯುತ್ತಿತ್ತು. ಸೊಂಟದಲ್ಲಿ ಉಗ್ರಾಣದ ಬೀಗದ ಕೈ.

“ಆ ಶಬ್ದ ಬಾಯಲ್ಲಿ ಹೇಳೂಕೂ ಆಗೂದಿಲ್ಲ ಮಾರಾಯ್ರೇ, ಮೈಯೆಲ್ಲ ಜುಂ ಅಂತದೆ” ಎಂದರು. “ಅವಳು ಹೀಗೆ ಮಾಡ್ತಾಳೆ ಅಂತ ಕನಸಲ್ಲೂ ಎಣಿಸಿರಲಿಲ್ಲ.”

“ಕೆಲಸ ಹೆಂಗೆ ನಡೀತದಮ್ಮ ಇಲ್ಲಿ?”

“ಎಂಥದ್ದಿದೆ ಅದರಲ್ಲಿ? ಮೊದಲು ಉಪ್ಪು. ಆಮೇಲೆ ಆಯುವುದು. ಆಮೇಲೆ ಖಾರ. ಕಡೆಗೆ ಬಾಯಿ ಕಟ್ಟಿ ಉಗ್ರಾಣಕ್ಕೆ. ನಮ್ಮ ಅತ್ತೆಯ ಕಾಲದಿಂದ ಹೀಗೇ.” ಶಾಲೆಯ ಹುಡುಗಿ ಪದ್ಯ ಒಪ್ಪಿಸಿದ ಹಾಗೆ ಹೇಳಿದರು.

“ಉಗ್ರಾಣಕ್ಕೆ ಯಾರ್ಯಾರು ಹೋಗ್ತಾರೆ?”

ಜಗುಲಿಯಲ್ಲಿ ಕುಳಿತಿದ್ದ ಗೌರೀಶಂಕರ ನಕ್ಕರು. “ಮಿಡಿಯ ಕಾಲ ಅಂದರೆ ನಾನು ಸಾಗರ, ಹೊಸನಗರ ಅಂತ ಅಂಗಡಿ ಸುತ್ತುವವನು. ಮನೆಯಲ್ಲಿದ್ದರೂ ಆ ಬೀಗದ ಕೈ ನನ್ನ ಕೈಗೆ ಸಿಗೂದಿಲ್ಲ. ನನ್ನ ಕೈ ಕೊಳಕಂತೆ!”

ಕೊಟ್ಟಿಗೆಯಲ್ಲಿ ಹಾಲಮ್ಮ ಮೊಣಕೈವರೆಗೆ ಖಾರ ಮೆತ್ತಿಕೊಂಡು ಕುಳಿತಿದ್ದಳು. ನೀಲಾಂಬಿಕಳ ಹೆಸರೆತ್ತಿದ್ದೇ ಉಗುಳಿದಳು. “ಭಾಳ ಮೆರೀತಿದ್ಲು ಸ್ವಾಮಿ. ನಾನು ಕಲೆಸಿದ ಖಾರದಾಗೆ ಕೈ ಹಾಕಿ ಕೆದಕೋಕೆ ಬಂದ್ಲು! ನನ್ನ ಹದ ಕೆಡ್ತದೆ ಅಂತ ನಾನೂ ಬಿಡಲಿಲ್ಲ, ಬೈದೆ.” ಅವಳ ಪಕ್ಕದಲ್ಲಿ ಉಪ್ಪು ಹಾಕಿದ ಜಾಡಿಗಳು ಸಾಲಾಗಿದ್ದವು. ಮೇಲೆ ಹೊದಿಸಿದ ತೆಳು ಬಟ್ಟೆಯ ಅಂಚು ಅಲ್ಲಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿಹೋಗಿತ್ತು. ಆಚೆ ಬದಿಯ ಗೋಡೆಗೆ ಸಾಸಿವೆ ಚೀಲಗಳ ರಾಶಿ. ಹಳೆಯ ಉಪ್ಪುನೀರು, ಹುಳಿತ ಮಾವು, ಅದರಡಿಯಲ್ಲಿ ಇನ್ನೊಂದು ಮುಗ್ಗಲು ವಾಸನೆ. ಚೈತ್ರಶ್ರೀ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಮೂಕಾಂಬಿಕಮ್ಮ ಬೀಗ ತೆಗೆದು ಕೈ ತೊಳೆಯಲು ಹೋದರು. ಉಗ್ರಾಣದ ತುಂಬ ಜಾಡಿಗಳು.

“ದಾರ ಓದು” ಎಂದರು ಮಾವ.

ಚೈತ್ರಶ್ರೀ ಅಲ್ಲೊಂದು ಇಲ್ಲೊಂದು ಜಾಡಿ ನೋಡಿದಳು. ಒಂದರಲ್ಲಿ ಹಳದಿ ಎರಡನೆಯದು, ಇನ್ನೊಂದರಲ್ಲಿ ಕೊನೆಯದು, ಮತ್ತೊಂದರಲ್ಲಿ ನಡುವೆ. “ಎಲ್ಲ ಗೋಜಲು ಮಾವ. ಯಾರಿಗೆ ಹೇಗೆ ತೋಚಿತೋ ಹಾಗೆ ಕಟ್ಟಿದ್ದಾರೆ.”

“ಒಂದು ವರ್ಷ ಶಿರಾಳಕೊಪ್ಪದ ರಸ್ತೆ ಅಗೆದಿದ್ರು. ಬಸ್ಸು ಒಳದಾರಿ ಹಿಡಿದು ಓಡ್ತು. ಇಡೀ ವರ್ಷದ ಟ್ರಿಪ್ಪು ಒಟ್ಟಿಗೆ ಹಾಕಿ ನೋಡಿದ್ರೆ ಡ್ರೈವರ್ ಕುಡಿದಾನೆ ಅನ್ನಬೇಕು, ಹಂಗಿತ್ತು. ರಸ್ತೆ ಅಗೆದ ದಿನಕ್ಕೆ ಒಂದು ಗೆರೆ ಎಳೆದು ಹಿಂದಿಂದು ಹಿಂದೆ, ಮುಂದಿಂದು ಮುಂದೆ ಇಟ್ಟೆ. ಎರಡೂ ನೆಟ್ಟಗಿದ್ವು. ಹಂಗೆ ಕಂಡಕಂಡದ್ದು ಎತ್ತಬ್ಯಾಡ. ಮೊದಲು ತುಂಬಿದ್ದು ಹಿಂದಿನ ಗೋಡೆಗೆ, ಕಡೀದು ಬಾಗಿಲಿಗೆ ಇರ್ತದೆ. ಗೋಡೆಯಿಂದ ಬಾಗಿಲಿಗೆ ಓದ್ಕೊಂತ ಬಾ.”

ಅವಳು ಹಾಗೆ ಮಾಡಿದಳು. ಗೋಜಲು ಮೂರು ಸಾಲಾಗಿ ಬಿಚ್ಚಿಕೊಂಡಿತು. ಗೋಡೆಯ ಕಡೆಯವುಗಳಲ್ಲಿ ಕೆಂಪು, ಹಳದಿ, ಹಸಿರು, ಬಿಳಿ. ಒಂದೂ ತಪ್ಪಿಲ್ಲ. ನಡುವಿನವುಗಳಲ್ಲಿ ಕೆಂಪು, ಹಸಿರು, ಹಳದಿ, ಬಿಳಿ. ಬಾಗಿಲ ಕಡೆಯವುಗಳಲ್ಲಿ ಕೆಂಪು, ಹಸಿರು, ಬಿಳಿ, ಎಲ್ಲಕ್ಕಿಂತ ಮೇಲೆ ಹಳದಿ.

“ಈಗ ಹಳದಿ ದಾರಕ್ಕೆ ನಾಲಿಗೆ ಹಚ್ಚಿ ನೋಡು.”

“ನಾನಾ?”

“ಮತ್ತೆ ನಾನಾ? ನನ್ನ ಹೊಟ್ಟೆ ನಿನಗೆ ಗೊತ್ತಿಲ್ಲೇನು?”

ಕಣ್ಣು ಮುಚ್ಚಿ ಅವಳು ನಾಲಿಗೆ ಹಚ್ಚಿದಳು. ಗೋಡೆಯ ಕಡೆಯ ದಾರ ಉಪ್ಪುಪ್ಪು, ಗರಿಗರಿ. ನಡುವಿನದು ಬೆಂಕಿ ಖಾರ, ಕಣ್ಣಲ್ಲಿ ನೀರು ಬಂತು. ಬಾಗಿಲ ಕಡೆಯದರಲ್ಲಿ ಉಪ್ಪಿಲ್ಲ, ಖಾರವಿಲ್ಲ. “ಸಪ್ಪೆ ಮಾವ. ಸ್ವಲ್ಪ ಕಹಿ ಒಗರು, ಅಷ್ಟೆ.” ಹೇಳಿ ಹೊರಗೋಡಿ ಬಾಯಿ ಮುಕ್ಕಳಿಸಿದಳು.

ಅಲ್ಲಿಂದ ನೇರ ಆನವಟ್ಟಿಗೆ. ತೋಟಪ್ಪ ತಕ್ಕಡಿಯ ಹಿಂದಿನಿಂದ ಎದ್ದು ಬಂದ. “ನನ್ನ ಅಂಗಡಿ ಮಾನ ಬೀದಿಗೆ ಬಿತ್ರೀ. ‘ತೋಟಪ್ಪ, ಒಂದು ಕಾಲು ಕೆಜಿ ಇಲಿ ಕೊಡಪ್ಪಾ’ ಅಂತ ಹುಡುಗ್ರು ಕೂಗ್ಕೊಂತ ಹೋಗ್ತಾರೆ.” ಪೊಲೀಸರಿಗೆ ತೋರಿಸಲೆಂದು ಅದನ್ನು ಕಾಗದದಲ್ಲಿ ಸುತ್ತಿಟ್ಟಿದ್ದ. ಬಿಚ್ಚಿದ.

ಪಂಚಾಕ್ಷರಪ್ಪ ಒಂದು ನೋಟ ನೋಡಿ ಚರಂಡಿಯ ಕಡೆ ಓಡಿದರು. ಚೈತ್ರಶ್ರೀ ಮಾತ್ರ ನೋಡುತ್ತಲೇ ನಿಂತಳು. ಅದು ಉಬ್ಬಿರಲಿಲ್ಲ, ಕೊಳೆತಿರಲಿಲ್ಲ, ನಾರುತ್ತಲೂ ಇರಲಿಲ್ಲ. ಮಿಡಿ ಹೇಗೆ ಸುಕ್ಕುತ್ತದೋ ಹಾಗೆಯೇ ಸುಕ್ಕಿ, ಮಿಡಿಯಷ್ಟೇ ಆಗಿ, ಮಿಡಿಯ ಬಣ್ಣಕ್ಕೇ ಬಂದಿತ್ತು. ಬಾಲವನ್ನು ತೊಟ್ಟೆಂದು ತಿಳಿದ ಗಿರಾಕಿಯದು ತಪ್ಪಲ್ಲ.

“ಅದರ ಮೈಮೇಲೆ ಖಾರ, ಮೈಯೊಳಗೆ ಉಪ್ಪು” ಎಂದಳು, ಹಿಂದಿರುಗಿದ ಮಾವನಿಗೆ ಮಾತ್ರ ಕೇಳುವಂತೆ.

“ಶಭಾಷ್” ಎಂದರು ಮಾವ, ಬಾಯಿ ಒರೆಸಿಕೊಳ್ಳುತ್ತ. “ಆ ಜಾಡಿ ಸೋಮವಾರ ತನ್ನಿ ತೋಟಪ್ಪಾರೆ. ದಾರ ಮುಟ್ಟಬ್ಯಾಡ್ರಿ.”

ಸೋಮವಾರ ಸೊರಬದ ಅಂಗಳದಲ್ಲಿ ಅವರಿಗೆ ಕಂಡಿದ್ದು ಬೇರೆಯೇ. ಉಗ್ರಾಣ ಬರಿದಾಗಿತ್ತು. ಜಾಡಿಗಳೆಲ್ಲ ಸೋಪಿನಲ್ಲಿ ಉಜ್ಜಿಸಿಕೊಂಡು ಬಿಸಿಲಿನಲ್ಲಿ ಬೋರಲು ಬಿದ್ದಿದ್ದವು. ಬಾವಿಕಟ್ಟೆಯಲ್ಲಿ ಇನ್ನೂ ನೊರೆಯ ಬಕೆಟ್ಟು.

“ಅದೊಂದು ಸಿಕ್ಕಿದ ಮೇಲೆ ಉಳಿದದ್ದು ಹೇಗೆ ಇಟ್ಟುಕೊಳ್ಳೂದು?” ಎಂದರು ಮೂಕಾಂಬಿಕಮ್ಮ. “ಎಲ್ಲ ಗುಂಡಿ ತೋಡಿಸಿ ಮುಚ್ಚಿಸಿದೆ. ನಿನ್ನೆಯಿಂದ ಉಜ್ಜಿ ಉಜ್ಜಿ ಕೈ ಸೋತುಹೋಯ್ತು. ದಾರ ಮಾತ್ರ ಬಿಚ್ಚಲಿಲ್ಲ. ಅವಳ ದಾರ ಎಲ್ಲರೂ ನೋಡಬೇಕಲ್ಲ!”

ಜಗುಲಿಯ ಮೇಲೆ ಗೌರೀಶಂಕರ ಮತ್ತು ತೋಟಪ್ಪ ಕುಳಿತರು. ಕೆಳಗೆ ಹಾಲಮ್ಮ ಮತ್ತಿತರ ಹೆಂಗಸರು. ಎಲ್ಲರಿಂದ ದೂರ, ಬಾವಿಯ ಕಡೆ ಬೆನ್ನು ಮಾಡಿ, ನೀಲಾಂಬಿಕ. ಚೈತ್ರಶ್ರೀ ಕಂಬದ ಮರೆಗೆ ಸರಿದು ನಿಂತು ಜಾಡಿಗಳನ್ನೇ ನೋಡಿದಳು. ಏನೋ ಹೆಚ್ಚುಕಡಿಮೆಯಾಗಿತ್ತು. ಕೆಲವು ಕೊರಳುಗಳಲ್ಲಿ ಹಳದಿಯೇ ಇರಲಿಲ್ಲ. ಎರಡೆರಡು ಕೆಂಪು ಇದ್ದವು.

“ತಪ್ಪೊಪ್ಪಿಕೊಳ್ಳಲಿಕ್ಕೆ ಹೇಳಿ ಅವಳಿಗೆ” ಎಂದರು ಮೂಕಾಂಬಿಕಮ್ಮ. “ಮುಗಿದುಹೋಗಲಿ.”

“ಮುಗಿಸೋಣಂತೆ” ಎಂದು ಪಂಚಾಕ್ಷರಪ್ಪ ಎದ್ದು ನಿಂತರು. “ಅದಕ್ಕೂ ಮೊದಲು ಒಂದು ಮಾತು. ಕೆಲಸ ಹೆಂಗೆ ನಡೀತದೆ ಅಂತ ನಾನು ಕೇಳಿದೆ. ಅಮ್ಮನೋರು ಹೇಳಿದ್ದು, ಹೆಂಗೆ ನಡೀಬೇಕು ಅಂತ. ಎಲ್ರೂ ಹಂಗೇ ಹೇಳ್ತಾರೆ ಬಿಡ್ರಿ. ಹೆಂಗೆ ನಡೀತು ಅನ್ನೋದನ್ನ ಜಾಡಿ ಹೇಳ್ತು. ಗೋಡೆ ಕಡೆ ಜಾಡಿ ಅಮ್ಮನೋರು ಹೇಳಿದಂಗೇ ಇದ್ವು. ಉಪ್ಪು, ಆಯೋದು, ಖಾರ, ಬಟ್ಟೆ. ಹಳದಿ ದಾರ ಉಪ್ಪು ಕುಡಿದಿತ್ತು, ಯಾಕಂದ್ರೆ ಆಯ್ದ ಕೈ ಉಪ್ಪುನೀರಿನಾಗೇ ಇತ್ತು. ನಡುವೆ ಒಂದಿನ ದಾರಿ ಬದಲಾಯ್ತು. ಮೊದಲು ಖಾರ, ಆಮೇಲೆ ಆಯೋದು! ಖಾರ ಮೆತ್ತಿದ ಮಿಡಿ ಮೊರಕ್ಕೆ ಸುರಿಯೋಕಾಗ್ತದಾ? ಕಣ್ಣಿಗೆ ಏನಾದ್ರೂ ಕಾಣ್ತದಾ? ಜಾಡ್ಯಾಗೆ ಕೈ ಇಳಿಸಿ ತಡಕಬೇಕು. ಹಳದಿ ದಾರಕ್ಕೆ ಖಾರ ಹತ್ತಿದ್ದು ಹಂಗೆ. ಹಾಲಮ್ಮ, ‘ಖಾರದಾಗೆ ಕೈ ಹಾಕಿ ಕೆದಕಿದ್ಲು’ ಅಂದ್ಯಲ್ಲವ್ವಾ, ಅದು ಮೆರೆಯೋಕಲ್ಲ. ನೀಲಾಂಬಿಕ, ನಿನ್ನ ಕೈ ತೋರ್ಸು.”

ನೀಲಾಂಬಿಕ ಸಿಪ್ಪೆ ಎದ್ದ ಕೈಯನ್ನು ಮುಂದೆ ಮಾಡಿದಳು. ಹಾಲಮ್ಮ ತಲೆ ತಗ್ಗಿಸಿದಳು.

“ಬಾಗಿಲ ಕಡೆ ಜಾಡಿಗೆ ಬಂದ್ರೆ ದಾರಿ ಮತ್ತೆ ಬದಲು. ಬಾಯಿ ಕಟ್ಟಿದ ಮೇಲೆ ಹಳದಿ. ಬಟ್ಟೆ ಬಿಗಿದ ಜಾಡ್ಯಾಗೆ ಯಾವ ತಾಯಿ ಕೈ ಹಾಕಿ ಆಯ್ತಾಳೆ? ಆಯಲಿಲ್ಲ. ಬರೀ ದಾರ ಸುತ್ತಿದ್ರು. ಸುತ್ತಿದ ಕೈಯಾಗೆ ಉಪ್ಪೂ ಇಲ್ಲ, ಖಾರಾನೂ ಇಲ್ಲ. ತೋಟಪ್ಪಾರೆ, ನಿಮ್ಮ ಜಾಡಿ ದಾರ ಓದ್ರಿ.”

ತೋಟಪ್ಪ ಕನ್ನಡಕ ಏರಿಸಿದ. “ಕೆಂಪು... ಹಸಿರು... ಬಿಳಿ... ಮ್ಯಾಲೆ ಹಳದಿ.”

“ಅದರಾಗಿನ ಇಲಿ ಉಪ್ಪಿನಾಗೆ ಒಣಗಿ ಸುಕ್ಕಿತ್ತು. ಖಾರ ಆದ್ಮೇಲೆ ಯಾರೋ ಹಾಕಿದ್ರೆ ಹಂಗೆ ಸುಕ್ತಿರಲಿಲ್ಲ. ಉಪ್ಪಿನ ಜಾಡಿಗೆ ಬಿತ್ತು, ಉಪ್ಪಿನಾಗೇ ಕುಂತಿತ್ತು. ಆಯೋರು ಆಯ್ದಿದ್ರೆ ಮೊರದ ಮ್ಯಾಲೆ ಸಿಗಬೇಕಿತ್ತು.”

“ಅದೇ ನಾನು ಹೇಳೂದು!” ಎಂದರು ಮೂಕಾಂಬಿಕಮ್ಮ. “ಹಳದಿ ದಾರ ಅವಳದ್ದು. ಆಯದೆ ಕಟ್ಟಿದ್ದಾಳೆ.”

“ಚೈತ್ರಾ, ಆ ನೊರೆ ಬಕೆಟ್ಟು ತಾ.”

ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದಾಗ ಚೈತ್ರಶ್ರೀಯ ಕಾಲು ತೊಡರಿತು. ಬಕೆಟ್ಟು ತಂದಿಟ್ಟಳು. ಪಂಚಾಕ್ಷರಪ್ಪ ನೀಲಾಂಬಿಕಳ ರೀಲಿನಿಂದ ಒಂದು ಎಳೆ ಹರಿದು ನೊರೆಯಲ್ಲಿ ಅದ್ದಿದರು. ಹಳದಿ ಹಳದಿಯಾಗಿಯೇ ಉಳಿಯಿತು. ಆಮೇಲೆ ತೋಟಪ್ಪನ ಜಾಡಿಯ ಕೊರಳಿಗೆ ಒಂದು ಹಿಡಿ ನೊರೆ ಮೆತ್ತಿದರು. ನೋಡನೋಡುತ್ತ ಮೇಲಿನ ದಾರ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

“ಅರಿಶಿನ!” ಎಂದಳು ಹಾಲಮ್ಮ.

“ಅರಿಶಿನ. ಸೋಪು ಕಂಡ್ರೆ ಕೆಂಪಾಗೋದು ಹೆಣ್ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ನೀಲಾಂಬಿಕ ರೀಲು ತಗೊಂಡು ಹೋಗಿದ್ಲು, ಅಂಗಡಿಯಾಗೆ ಹಳದಿ ರೀಲು ಕೇಳಿದ್ರೆ ಊರಿಗೆ ಗೊತ್ತಾಗ್ತದೆ. ಬಿಳಿ ದಾರ ಅರಿಶಿನದಾಗೆ ಅದ್ದಿದ್ರು. ಅಂಗಳದಾಗೆ ನೋಡ್ರಿ, ಎರಡು ಕೆಂಪು ಇರೋ ಜಾಡಿಗಳೆಲ್ಲ ಬಾಗಿಲ ಕಡೇವು. ನಿನ್ನೆ ತೊಳೆದಾಗ ಬಣ್ಣ ಕೊಟ್ಟಾವೆ. ಬಾಯಿ ಕಟ್ಟಿ ಉಗ್ರಾಣ ಸೇರಿದ ಜಾಡಿಗೆ ದಾರ ಸುತ್ತಬೇಕಾದ್ರೆ ಬೀಗದ ಕೈ ಬೇಕು. ಅದು ಗಂಡನ ಕೈಗೂ ಸಿಗಲ್ಲ.”

ಗೌರೀಶಂಕರ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. “ಹೌದನೇ?”

“ಯಾಕೆ ಮಾಡಿದ್ರು ಅಂತಾನೂ ದಾರಾನೇ ಹೇಳ್ತದೆ” ಎಂದರು ಪಂಚಾಕ್ಷರಪ್ಪ, ದನಿ ತಗ್ಗಿಸಿ. “ಕೆಲಸ ಉಳಿಸೋರಾದ್ರೆ ಆಯೋದನ್ನೇ ಕಿತ್ತುಹಾಕ್ತಿದ್ರು. ಇವರು ಕಿತ್ತುಹಾಕಲಿಲ್ಲ, ಮುಂದಕ್ಕೆ ತಳ್ಳಿದ್ರು. ಮೊದಲು ಖಾರದ ಆಚೆಗೆ, ಆಮೇಲೆ ಬಟ್ಟೆ ಆಚೆಗೆ. ಕಣ್ಣಿಗೆ ಕಾಣಬಾರದ್ದು ಏನೋ ಒಂದ್ಸಲ ಮೊರದ ಮ್ಯಾಲೆ ಬಂದಿತ್ತು. ಹೌದಲ್ಲೇನವ್ವಾ ನೀಲಾಂಬಿಕ? ಈಗ ಹೇಳು.”

“ಬಂದಿತ್ರಿ” ಎಂದಳು ನೀಲಾಂಬಿಕ. “ಬಾಲ ಹಿಡಿದು ಅಮ್ಮನೋರಿಗೆ ತೋರಿಸ್ದೆ. ಉಪ್ಪಿನ ಜಾಡಿಗೆ ಗಟ್ಟಿ ಮುಚ್ಚಳ ಹಾಕ್ಸಿ, ಇವನ್ನೆಲ್ಲ ಚೆಲ್ಲೋಣ ಅಂದೆ. ‘ಇನ್ನೊಂದು ಸಲ ಇಂಥದ್ದು ನನ್ನ ಕಣ್ಣೆದುರು ತಂದರೆ ನೋಡು’ ಅಂದ್ರು. ಮರುದಿನದಿಂದ ಖಾರ ಹಾಕಿದ ಮ್ಯಾಲೇ ನನ್ನ ಕೈಗೆ ಕೊಟ್ರು.”

ಮೂಕಾಂಬಿಕಮ್ಮನ ಮುಖ ಕೆಂಪೇರಿತು. ಎದ್ದು ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದರು.

“ದಾರ ಕಟ್ಟಿದ್ದು ನಾನೇ. ಆಯ್ತಾ? ಆಯುವವಳು ಇರಲಿಲ್ಲ, ನನ್ನ ಕೈಯಲ್ಲಿ ಅದು ಆಗೂದಿಲ್ಲ, ಜಾಡಿ ಹೊರಡಬೇಕಿತ್ತು. ಹಾಗಂತ ಇಲಿ ಹಾಕಿದ್ದು ನಾನಾ? ಕೆಲಸ ಬಿಡುವ ಮೊದಲು ಉಪ್ಪಿನ ಜಾಡಿಗೆ ಅವಳೇ ಹಾಕಿ ಹೋಗಿದ್ದರೆ? ಆ ಮೊದಲಿನದ್ದನ್ನೂ ಅವಳೇ ತಂದಿದ್ದರೆ? ಇಷ್ಟು ಜಾಡಿ ಮಾರಿದ್ದೇನೆ. ಬೇರೆ ಯಾವುದರಲ್ಲಾದರೂ ಒಂದು ಕೂದಲು ಸಿಕ್ಕಿದೆ ಅಂತ ಯಾರಾದರೂ ಅಂದಿದ್ದಾರಾ ತೋಟಪ್ಪನವರೇ?”

ತೋಟಪ್ಪ ಗಡ್ಡ ಕೆರೆದುಕೊಂಡ. “ಇಲ್ಲ. ಅದೂ ಖರೆ ಅನ್ರಿ. ಒಂದರಾಗೇ ಸಿಕ್ತು ಅಂದ್ರೆ, ಬೇಕಂತ ಹಾಕಿದಂಗೇ ಕಾಣ್ತದೆ...”

ಪಂಚಾಕ್ಷರಪ್ಪ ಬೋರಲು ಬಿದ್ದ ಜಾಡಿಗಳ ಕಡೆ ನೋಡಿದರು. ಒಳಗಿದ್ದದ್ದೆಲ್ಲ ಮಣ್ಣಿನಡಿ ಸೇರಿತ್ತು. ದಾರ ಸರದಿಯನ್ನು ಹೇಳೀತು, ಜಾಡಿಯೊಳಗೆ ಏನಿತ್ತೆಂದು ಹೇಳಲಾರದು.

“ನಮ್ಮ ಮನೆ ಊಟಕ್ಕೂ ಅದನ್ನೇ ಬಡಿಸೂದು” ಎಂದು ಮೂಕಾಂಬಿಕಮ್ಮ ದನಿ ಏರಿಸಿದರು. “ಇವರು ಊಟಕ್ಕೆ ಬಂದ ಭಾನುವಾರ ಬಾಗಿಲ ಪಕ್ಕದ ಜಾಡಿಯನ್ನೇ ತೆಗೆದದ್ದು, ಇವರಿಗೇ ಗೊತ್ತು. ಚೈತ್ರಾ, ನೀನೇ ಹೇಳೇ. ಎರಡು ಸಲ ಹಾಕಿಸಿಕೊಂಡೆಯಲ್ಲ. ಹೇಗಿತ್ತು?”

ಎಲ್ಲರೂ ಕಂಬದ ಕಡೆ ತಿರುಗಿದರು. ಉತ್ತರ ಬಾಯಲ್ಲೇ ಸಿದ್ಧವಿತ್ತು. ಹೋದ ಸಲ ಆಡಿದ್ದು, ಎಲ್ಲರ ಮನೆಯಲ್ಲೂ ಆಡುವುದು. ಅಂದು ಎಲೆಯ ಅಂಚನ್ನು ಮಡಿಸಿದ್ದೂ ಅವಳದೇ ಬೆರಳುಗಳು. ಕಾಣದಂತೆ ಮಾಡಿದರೆ ಆಯಿತೆಂದುಕೊಂಡವರು ಈ ಅಂಗಳದಲ್ಲಿ ಒಬ್ಬರಲ್ಲ, ಇಬ್ಬರು. ಬಾವಿಯ ಬಳಿ ನೀಲಾಂಬಿಕ ತಲೆಯೆತ್ತಿರಲಿಲ್ಲ. ಸಿಪ್ಪೆ ಎದ್ದ ಆ ಕೈ ಮಾತ್ರ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು, ಒಳಗೆ ತೆಗೆದುಕೊಳ್ಳಲು ಯಾರೂ ಹೇಳಿರಲಿಲ್ಲ.

ಚೈತ್ರಶ್ರೀ ಕಂಬ ಬಿಟ್ಟು ಬಿಸಿಲಿಗೆ ಬಂದಳು.

“ರುಚಿಯಾಗಿತ್ತಮ್ಮ” ಎಂದಳು. ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು: “ಎರಡನೇ ಸಲ ಹಾಕಿದ್ದರಲ್ಲಿ ಇಲಿ ಹಿಕ್ಕೆ ಇತ್ತು. ಕಚ್ಚಿದ್ದೆ.”